ಎಡಗಾಲಿಗೆ ಅಂಗಡಿಯದು, ಬಲಗಾಲಿಗೆ ಕಂಪನಿಯದು: ಹ್ಯಾಂಡ್‌ಬ್ರೇಕ್ ಕೇಬಲ್ ಎರಡು ಮಳೆಗಾಲ ಕಂಡದ್ದು

ಆಗುಂಬೆಗೆ ಹತ್ತಿರದ ಮೇಗರವಳ್ಳಿಯ ಆಸುಪಾಸಿನಲ್ಲಿ ಮನೆ ಇರುವವರಿಗೆ ಹ್ಯಾಂಡ್‌ಬ್ರೇಕ್ ಎಂದರೆ ಗಾಲಿಗೆ ಕೊಡುವ ಕಲ್ಲು. ನಮ್ಮ ಅಂಗಳವೇ ಇಳಿಜಾರು. ಅಪ್ಪಯ್ಯ ಕೊಟ್ಟಿಗೆಯ ಮೂಲೆಯಲ್ಲಿ ಇದಕ್ಕೆಂದೇ ಒಂದು ಕಲ್ಲು ಇಟ್ಟುಕೊಂಡಿದ್ದಾರೆ. ಕಾರು ನಿಲ್ಲಿಸಿ, ಗೇರಿಗೆ ಹಾಕಿ, ಕಲ್ಲು ಕೊಟ್ಟರೆ ಮುಗಿಯಿತು. ಆರಿದ್ರೆ ಹಿಡಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದರೆ ಬ್ರೇಕಿನ ಲೈನರು, ಅಂದರೆ ಒಳಗಿನಿಂದ ಒತ್ತುವ ಪಟ್ಟಿ, ಗಾಲಿಯೊಡನೆ ತಿರುಗುವ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ ಎಂಬ ಅವರ ಮಾತು ನಿಜವೇ. ಆದರೆ ಲಿವರಿನಿಂದ ಗಾಲಿಗೆ ಹೋಗುವ ಕೇಬಲನ್ನು ಬಳಸದೇ ಬಿಟ್ಟರೆ ಅದು ಒಳಗೇ ತುಕ್ಕು ಹಿಡಿದು ಸಾಯುತ್ತದೆ ಎಂಬುದೂ ಅಷ್ಟೇ ನಿಜ. ಎರಡು ವರ್ಷದ ಹಿಂದೆ, ಆಶ್ಲೇಷ ಮಳೆಯಲ್ಲಿ, ತೀರ್ಥಹಳ್ಳಿಗೆ ಹೋಗಿ ಬರುವಷ್ಟರಲ್ಲಿ ಎಡಗಾಲಿಯಿಂದ ಸುಟ್ಟ ವಾಸನೆ ಬಂತು. ಲಿವರ್ ಕೆಳಗಿಳಿದಿತ್ತು, ಕೇಬಲ್ ಮಾತ್ರ ಹಿಂದಕ್ಕೆ ಸರಿದಿರಲಿಲ್ಲ.

ಮೊದಲು ನೋಡಿದ್ದು ಖರ್ಚಿಲ್ಲದ ದಾರಿ. ಹಳೆಯ ಕೇಬಲನ್ನು ಬಿಚ್ಚಿ, ಕೊಟ್ಟಿಗೆಯ ಜಂತಿಗೆ ನೇತುಹಾಕಿ, ಮೇಲಿನ ತುದಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿ ಅದರೊಳಗೆ ಎಂಜಿನ್ ಆಯಿಲ್ ಸುರಿದೆ. ಬೆಳಗಾಗುವುದರೊಳಗೆ ಕೆಳಗಿಟ್ಟ ಡಬ್ಬಿಯಲ್ಲಿ ಕೆಂಪು ನೀರು ಸೇರಿತ್ತು. ಕೇಬಲ್ ಸಲೀಸಾಗಿ ಓಡಾಡಿತು, ನಾನೂ ಬೀಗಿದೆ. ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ವಾಸನೆ. ಕೇಬಲಿನ ತುದಿಯನ್ನು ಮುಚ್ಚುವ ರಬ್ಬರ್ ಬೂಟು ಹರಿದಿರುವಾಗ ಎಷ್ಟು ಎಣ್ಣೆ ಹೊಯ್ದರೇನು, ನೀರು ಅದೇ ಬಾಗಿಲಿನಿಂದ ಒಳಗೆ ಬರುತ್ತದೆ. ತುಕ್ಕು ತಿಂದ ತಂತಿ ಹೊರಕವಚದ ಒಳಮೈಯನ್ನು ಅರದಂತೆ ಕೆರೆದೂ ಆಗಿರುತ್ತದೆ. ಕಾಲು ಮುರಿದವನಿಗೆ ಎಣ್ಣೆ ನೀವಿದ ಹಾಗಾಯಿತು.

ಸರಿ, ಹೊಸದೇ ಬೇಕು ಎಂದು ಶಿವಮೊಗ್ಗಕ್ಕೆ ಹೋದೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಸುತ್ತಾಡಿದಾಗ ಕಾರಿನ ಕಂಪನಿಯದೇ ಆದ ಕೇಬಲ್ ಬಲಗಡೆಯದು ಒಂದೇ ಸಿಕ್ಕಿತು. ಎಡಗಡೆಯದು ಬರಲು ಎಂಟು ದಿನ. ಇನ್ನೊಂದು ಅಂಗಡಿಯಲ್ಲಿ ಹೆಸರೇ ಇಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಎಡಗಡೆಯದು ಅರ್ಧಕ್ಕಿಂತ ಕಡಿಮೆ ಬೆಲೆಗೆ ನೇತಾಡುತ್ತಿತ್ತು. ಅಷ್ಟು ದೂರ ಮತ್ತೆ ಬರುವವರು ಯಾರು? ಎರಡನ್ನೂ ತಂದೆ. ಒಂದೇ ಕಾರಿಗೆ ಎರಡು ಜಾತಿಯ ಕೇಬಲ್ ಹಾಕಿದ್ದು ಹೀಗೆ, ಸೋಮಾರಿತನದಿಂದ. ಪರೀಕ್ಷೆ ತಾನಾಗಿ ನಡೆಯಿತು.

ಕೈಯಲ್ಲಿ ಹಿಡಿದಾಗಲೇ ವ್ಯತ್ಯಾಸ ತಿಳಿಯುತ್ತಿತ್ತು. ಕಂಪನಿಯದರ ಒಳತಂತಿ ಪ್ಲಾಸ್ಟಿಕ್ ಕೊಳವೆಯೊಳಗೆ ಓಡುತ್ತದೆ, ಬೂಟು ಮೆತ್ತಗೆ, ತಂತಿಯನ್ನು ಬಿಗಿಯಾಗಿ ಅಪ್ಪಿಕೊಂಡಿದೆ. ಅಂಗಡಿಯದರಲ್ಲಿ ಕೊಳವೆಯೇ ಇಲ್ಲ, ತಂತಿ ನೇರವಾಗಿ ಕಬ್ಬಿಣದ ಸುರುಳಿಗೆ ಉಜ್ಜುತ್ತದೆ. ಬೂಟು ಗಟ್ಟಿ, ಬಾಯಿ ಸಡಿಲ. ಅದನ್ನು ಹಾಕುವ ಮುನ್ನ ಬೂಟಿನೊಳಗೆ ಗ್ರೀಸ್ ತುಂಬಿದೆ. ಆ ಕೇಬಲ್ ಇಷ್ಟು ದಿನ ಬಾಳಿದ್ದಕ್ಕೆ ಅದೂ ಕಾರಣವಿರಬಹುದು.

ಹಾಕುವ ಕೆಲಸದಲ್ಲಿ ಎರಡಕ್ಕೂ ಕಷ್ಟ ಸಮ. ಒಂದು ಮಾತು ಒತ್ತಿ ಹೇಳುತ್ತೇನೆ: ಜಾಕ್ ಕೊಟ್ಟು ಎತ್ತಿದ ಕಾರಿನ ಕೆಳಗೆ ಜಂಬಿಟ್ಟಿಗೆ ಇಟ್ಟು ಮಲಗಬೇಡಿ. ನಮ್ಮೂರಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ಮಳೆ ಕುಡಿದ ಜಂಬಿಟ್ಟಿಗೆ ಯಾವಾಗ ಬಿರಿಯುತ್ತದೆ ಎಂದು ಅದಕ್ಕೇ ಗೊತ್ತಿರುವುದಿಲ್ಲ. ನಾನು ಎತ್ತಿದ ಕಾರಿಗೆ ಆಸರೆ ಕೊಡುವ ಜಾಕ್‌ಸ್ಟ್ಯಾಂಡ್ ಜೋಡಿಯನ್ನು ಎರವಲು ತಂದೆ. ಕಾರನ್ನು ಸಮತಟ್ಟು ಜಾಗಕ್ಕೆ ತಂದು, ಮುಂದಿನ ಗಾಲಿಗಳಿಗೆ ಅಪ್ಪಯ್ಯನ ಕಲ್ಲೇ ಕಾವಲು. ತುಕ್ಕು ಹಿಡಿದ ಡ್ರಮ್ಮನ್ನು ಸುತ್ತಿಗೆಯಿಂದ ಬಡಿಯುವ ಮೊದಲು ಅದರ ಮುಖದಲ್ಲಿ ಬೋಲ್ಟು ಕೂರುವ ತಿರುಪಿನ ಗೆರೆ (ಥ್ರೆಡ್) ಇರುವ ಎರಡು ತೂತುಗಳಿವೆಯೇ ನೋಡಿ. ಇದ್ದರೆ ಅವುಗಳಿಗೆ ಸರಿಯಾದ ಬೋಲ್ಟುಗಳನ್ನು ಸರತಿಯಂತೆ ತಿರುಗಿಸುತ್ತ ಹೋದರೆ ಡ್ರಮ್ ತಾನೇ ಹೊರಗೆ ಬರುತ್ತದೆ. ಒಳಗಿನ ಧೂಳನ್ನು ಬಾಯಿಂದ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಹಿಂಬದಿಯ ತಟ್ಟೆಯಲ್ಲಿ ಕೇಬಲನ್ನು ಹಿಡಿದಿರುವ ಕವಲು ಕ್ಲಿಪ್ಪಿಗೆ ಅರ್ಧ ದಿನ ಹೆಣಗಿದೆ. ಇಕ್ಕಳದಲ್ಲಿ ಒಂದು ಕವಲು ಒತ್ತಿದರೆ ಇನ್ನೊಂದು ಅರಳುತ್ತದೆ. ಕೊನೆಗೆ ತೀರ್ಥಹಳ್ಳಿಯ ಮೆಕ್ಯಾನಿಕ್ ಫೋನಿನಲ್ಲೇ ಉಪಾಯ ಹೇಳಿದರು: 12ರ ರಿಂಗ್ ಸ್ಪ್ಯಾನರನ್ನು ಕ್ಲಿಪ್ಪಿನ ಮೇಲೆ ತೂರಿಸಿ, ಎಲ್ಲ ಕವಲೂ ಒಟ್ಟಿಗೆ ಮಡಚಿಕೊಳ್ಳುತ್ತವೆ. ಹಾಗೇ ಆಯಿತು. ಆಕ್ಸಲಿನ ಮೇಲೆ ಕೇಬಲನ್ನು ಹಿಡಿದಿದ್ದ ಪಟ್ಟಿಯ ಬೋಲ್ಟು ಮಾತ್ರ ಮುರಿದೇ ಹೋಯಿತು, ಅದರ ಕಥೆ ಬೇಡ.

ಹೊಸ ಕೇಬಲ್ ಹಾಕಿದ ಕೂಡಲೇ ಲಿವರಿನ ನಟ್ಟು ಬಿಗಿಯಲು ಹೋಗಬಾರದು. ಮೊದಲು ಡ್ರಮ್ಮಿನೊಳಗಿನ ಲೈನರಿನ ಅಂತರ ಸರಿಮಾಡಿ, ಲಿವರನ್ನು ಹತ್ತು ಹದಿನೈದು ಸಲ ಗಟ್ಟಿಯಾಗಿ ಎಳೆದು ಬಿಟ್ಟು, ಆಮೇಲೆ ನಟ್ಟು. ನಾನು ಲಿವರ್ ಎಳೆದಾಗ ಕೇಳುವ ಆರನೆಯ ಕಟಕ್ಕಿಗೆ ಎರಡೂ ಗಾಲಿ ನಿಲ್ಲುವಂತೆ ಹೊಂದಿಸಿದೆ.

ಮೊದಲ ಮಳೆಗಾಲ ಎರಡೂ ಕೇಬಲ್ ಸಮ. ದೀಪಾವಳಿಯ ಹೊತ್ತಿಗೆ ಲಿವರ್ ಎಂಟು ಕಟಕ್ಕಿಗೆ ಹೋಗಿತ್ತು. ಯಾರ ತಪ್ಪು ಎಂದು ಪತ್ತೆ ಹಚ್ಚುವುದು ಸುಲಭ: ಲಿವರಿನ ಬುಡದಲ್ಲಿ ಎರಡೂ ಕೇಬಲುಗಳನ್ನು ಸಮನಾಗಿ ಎಳೆಯುವ ಒಂದು ಅಡ್ಡಪಟ್ಟಿ ಇದೆ. ಅದರ ಎಡತುದಿ ಮುಂದಕ್ಕೆ ವಾಲಿತ್ತು, ಅಂದರೆ ಎಡಗಡೆಯ ತಂತಿ ಹಿಗ್ಗಿದೆ. ನಟ್ಟು ಬಿಗಿದೆ. ಎರಡನೆಯ ಮಳೆಗಾಲದ ನಂತರ ಮತ್ತೆ ಅದೇ ವಾಲು, ಜೊತೆಗೆ ಎಡಬೂಟಿನ ಮಡಿಕೆಯಲ್ಲಿ ಬಿರುಕು. ಹಿಂಬದಿ ಎತ್ತಿ ಗಾಲಿ ತಿರುಗಿಸಿದರೆ ಬಲಗಾಲಿ ಹಗುರ, ಎಡಗಾಲಿ ಸ್ವಲ್ಪ ತಡೆದು ತಿರುಗುತ್ತದೆ. ಬಲಗಡೆಯ ಕೇಬಲ್ ಹಾಕಿದ ದಿನದ ಹಾಗೆಯೇ ಇದೆ. ಉಳಿಸಿದ ದುಡ್ಡಿಗಿಂತ ಎರಡು ಸಲ ಕಾರಿನಡಿ ತೆವಳಿದ್ದೇ ಹೆಚ್ಚು ದುಬಾರಿ. ಆದರೂ ಅಂಗಡಿಯದನ್ನು ಪೂರ್ತಿ ತಳ್ಳಿಹಾಕಲಾರೆ. ಬಯಲುಸೀಮೆಯಲ್ಲಿ ಓಡುವ ಕಾರಿಗೆ, ಇಲ್ಲವೇ ಇನ್ನೆರಡು ವರ್ಷದಲ್ಲಿ ಮಾರುವ ಕಾರಿಗೆ ಅದು ಸಾಕು. ಆಗುಂಬೆ ಘಾಟಿ ಹತ್ತಿಳಿಯುವ ಕಾರಿಗೆ ಬೇಡ.

ಮನೆಯಲ್ಲೇ ಮಾಡಬೇಕೇ, ಗ್ಯಾರೇಜಿಗೆ ಕೊಡಬೇಕೇ ಎಂದು ಕೇಳಿದರೆ ನನಗೆ ಒಂದೂವರೆ ದಿನ ಹಿಡಿಯಿತು. ಮೆಕ್ಯಾನಿಕ್‌ಗೆ ಎರಡು ಗಂಟೆಯ ಕೆಲಸ. ಡ್ರಮ್ ಬಿಚ್ಚಿ ಅಭ್ಯಾಸ ಇಲ್ಲದವರು ಕೇಬಲನ್ನು ತಾವೇ ಆರಿಸಿ ತಂದು ಅವರ ಕೈಗೆ ಕೊಡುವುದು ಒಳ್ಳೆಯದು.

ಎಡಗಡೆಗೂ ಕಂಪನಿಯದನ್ನೇ ತರಿಸಿ ಅಟ್ಟದ ಮೇಲಿಟ್ಟಿದ್ದೇನೆ. ಅಡಿಕೆ ಕೊಯ್ಲು ಮುಗಿದ ಮೇಲೆ ಹಾಕಬೇಕು. ಅಲ್ಲಿಯವರೆಗೆ ಅಪ್ಪಯ್ಯನ ಕಲ್ಲು ಎಡಗಾಲಿಗೆ.