‘ಕರೆ ಕಟ್ ಮಾಡಬೇಡಿ’ ಅಂದರೆ ಅಲ್ಲೇ ಕಟ್ ಮಾಡಿ

“ನಿಮ್ಮ ಖಾತೆಯಿಂದ ಈಗಲೇ ದೊಡ್ಡ ಮೊತ್ತ ಹೊರಗೆ ಹೋಗ್ತಾ ಇದೆ, ತಡೀಬೇಕಾದರೆ ಲೈನ್‌ನಲ್ಲೇ ಇರಿ.” ಬ್ಯಾಂಕಿನ ಹೆಸರು ಹೇಳಿಕೊಂಡು ಬರುವ ಮೋಸದ ಕರೆ ಹೆಚ್ಚಾಗಿ ಶುರುವಾಗುವುದು ಹೀಗೆ. ಆ ಕಡೆಯವನಿಗೆ ನಿಮ್ಮ ಹೆಸರು ಗೊತ್ತಿರುತ್ತದೆ, ಕಾರ್ಡಿನ ಕೊನೆಯ 4 ಅಂಕಿ ಗೊತ್ತಿರುತ್ತವೆ, ಪರದೆ ಮೇಲೆ ಬ್ಯಾಂಕಿನದೇ ನಂಬರ್ ಕಾಣುತ್ತಿರುತ್ತದೆ. ಇವನ್ನು ನೋಡಿಯೇ ಜನ ನಂಬುವುದು. ಆದರೆ ಕೊನೆಯ 4 ಅಂಕಿ ಎಷ್ಟೋ ರಸೀದಿಗಳ ಮೇಲೆ ಅಚ್ಚಾಗಿರುತ್ತವೆ. ಹೆಸರು, ಫೋನ್ ನಂಬರ್ ಸೋರಿಹೋದ ಪಟ್ಟಿಗಳಲ್ಲಿ ಸಿಗುತ್ತವೆ. ಪರದೆಯ ಮೇಲೆ ಕಾಣುವ ನಂಬರನ್ನಂತೂ ಕರೆ ಮಾಡುವವನು ತನಗೆ ಬೇಕಾದಂತೆ ತೋರಿಸಬಹುದು.

ಮುಂದಿನ ಹೆಜ್ಜೆ ‘ಸಹಾಯ’ದ ಆ್ಯಪ್. ದೂರದಿಂದಲೇ ಫೋನ್ ನೋಡಿ ರಿಪೇರಿ ಮಾಡಲು ತಂತ್ರಜ್ಞರು ನಿಜವಾಗಿಯೂ ಬಳಸುವ ಆ್ಯಪ್‌ಗಳನ್ನೇ ಇವರು ಹಾಕಿಸುತ್ತಾರೆ, ಹಾಗಾಗಿ ಫೋನ್ ಅದನ್ನು ತಡೆಯದೇ ಇರಬಹುದು. ಆ್ಯಪ್ ತೆರೆದರೆ ಒಂದು ಸಂಖ್ಯೆ ಕಾಣುತ್ತದೆ. “ಅದನ್ನು ಓದಿ ಹೇಳಿ” ಅನ್ನುತ್ತಾನೆ. ಓದಿ ಹೇಳಿ, ಕೇಳಿದ ಅನುಮತಿಗಳನ್ನೆಲ್ಲ ಒತ್ತಿದ ಮೇಲೆ ನಿಮ್ಮ ಪರದೆ ಅವನದು. ಅಲ್ಲಿಂದಾಚೆಗೆ ಓಟಿಪಿ ಕೇಳುವ ಅಗತ್ಯವೂ ಇಲ್ಲ, ಬಂದಿದ್ದನ್ನು ಅವನೇ ಓದಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗುತ್ತದೆ. “ಸರ್ವರ್ ಅಪ್‌ಡೇಟ್ ಆಗ್ತಾ ಇದೆ, ಐದು ನಿಮಿಷ ಫೋನ್ ಮುಟ್ಟಬೇಡಿ.” ಆ ಕಪ್ಪು ಪರದೆಯ ಹಿಂದೆ ನಿಮ್ಮ ಖಾತೆಯಿಂದ ಹಣ ಪಡೆಯುವವರ ಪಟ್ಟಿಗೆ ಹೊಸ ಹೆಸರೊಂದು ಸೇರುತ್ತದೆ, ಮೊದಲು ಚಿಕ್ಕ ಮೊತ್ತ ಹೋಗುತ್ತದೆ, ಅದು ದಾಟಿತು ಅಂದಮೇಲೆ ದೊಡ್ಡದು.

ಇನ್ನೊಂದು ದಾರಿ, ಕೋಡ್ ಒತ್ತಿಸುವುದು. **21* ಎಂದು ಶುರುವಾಗಿ ಒಂದು ಫೋನ್ ನಂಬರ್, ಕೊನೆಗೆ # ಇರುವ ಕೋಡ್ ಒತ್ತಿದರೆ ನಿಮಗೆ ಬರುವ ಕರೆಗಳೆಲ್ಲ ಆ ನಂಬರಿಗೆ ತಿರುಗುತ್ತವೆ, ಓಟಿಪಿ ಹೇಳುವ ಕರೆಯೂ ಸೇರಿ. ಅನುಮಾನ ಬಂದರೆ *#21# ಒತ್ತಿ ನೋಡಿ. ##002# ಒತ್ತಿದರೆ ಕರೆ ತಿರುಗಿಸಿದ್ದೆಲ್ಲ ರದ್ದಾಗುತ್ತದೆ. ಬಹುಪಾಲು ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಈ ಕೋಡ್‌ಗಳು ನಡೆಯುತ್ತವೆ.

ಕಥೆ ಬದಲಾಗುತ್ತದೆ: ಪಾರ್ಸೆಲ್, ಬಹುಮಾನ, ಕೆಲಸ, ಪೊಲೀಸ್ ಕೇಸು, ಷೇರಿನ ಲಾಭ. ಬದಲಾಗದೇ ಉಳಿಯುವುದು ಮೂರು. ಆತುರ ಹುಟ್ಟಿಸುತ್ತಾರೆ, ಯಾರಿಗೂ ಹೇಳಬೇಡಿ ಅನ್ನುತ್ತಾರೆ, ಲೈನ್ ಬಿಡಲು ಕೊಡುವುದಿಲ್ಲ. ಪಕ್ಕದವರನ್ನು ಒಂದು ಮಾತು ಕೇಳುವಷ್ಟು ಬಿಡುವು ಸಿಕ್ಕರೆ ಅವರ ಕೆಲಸ ಕೆಡುತ್ತದೆ. ಆದ್ದರಿಂದ ವಾದ ಮಾಡುತ್ತ ಕೂರಬೇಡಿ. ಕಟ್ ಮಾಡಿ, ಕಾರ್ಡಿನ ಹಿಂಬದಿಯ ನಂಬರಿಗೆ ನೀವೇ ಕರೆ ಮಾಡಿ. ಆ ನಂಬರನ್ನು ಹುಡುಕಾಟದ ಫಲಿತಾಂಶಗಳಲ್ಲಿ ತೆಗೆಯಬೇಡಿ, ಅಲ್ಲೂ ನಕಲಿ ಸಹಾಯವಾಣಿಗಳನ್ನು ತುಂಬಿಟ್ಟಿರುತ್ತಾರೆ.

ಹಣ ಹೋಗಿಬಿಟ್ಟಿದ್ದರೆ ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆಫ್ ಆಗಿದೆಯೇ ಅಂತಲೂ ನೋಡಿ. ಕೆಲವು ಫೋನ್‌ಗಳಲ್ಲಿ ಏರೋಪ್ಲೇನ್ ಮೋಡ್ ಹಾಕಿದರೂ ವೈಫೈ ಉಳಿದುಬಿಡುತ್ತದೆ, ಅವನ ಹಿಡಿತವೂ ಉಳಿಯುತ್ತದೆ. ಗಾಬರಿಯಲ್ಲಿ ಆ ಆ್ಯಪ್ ಅಳಿಸಬೇಡಿ. ಅದರೊಳಗಿನ ಸಂಖ್ಯೆ, ಸಮಯ ಸಾಕ್ಷಿಯಾಗುತ್ತವೆ. ಇನ್ನೊಂದು ಫೋನಿನಿಂದ ಅದರ ಫೋಟೋ ತೆಗೆಯಿರಿ.

ಆ ಇನ್ನೊಂದು ಫೋನಿನಿಂದಲೇ ಬ್ಯಾಂಕಿಗೆ ಕರೆ ಮಾಡಿ. “ಮೋಸ ಆಗಿದೆ” ಅಂತ ಹೇಳಿದರೆ ಸಾಲದು, ಬೇಕಾದ್ದನ್ನು ಬಿಡಿಸಿ ಕೇಳಿ: ಖಾತೆಯಿಂದ ಹಣ ಹೋಗುವುದನ್ನು ನಿಲ್ಲಿಸಿ, ಕಾರ್ಡ್ ಮತ್ತು ನೆಟ್ ಬ್ಯಾಂಕಿಂಗ್ ಬ್ಲಾಕ್ ಮಾಡಿ, ಹಣ ಪಡೆಯುವವರ ಪಟ್ಟಿಗೆ ಹೊಸದಾಗಿ ಸೇರಿದ ಖಾತೆಯನ್ನು ತೆಗೆದುಹಾಕಿ, ಹಣ ತಲುಪಿದ ಬ್ಯಾಂಕಿಗೆ ತಡೆಹಿಡಿಯುವ ಕೋರಿಕೆ ಈಗಲೇ ಕಳಿಸಿ, ದೂರಿನ ಸಂಖ್ಯೆ ಕೊಡಿ. ಕದ್ದ ಹಣ ಒಂದೇ ಕಡೆ ಕೂರುವುದಿಲ್ಲ. ಬಾಡಿಗೆಗೆ ಪಡೆದ ಖಾತೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಿ, ಕೊನೆಗೆ ನಗದಾಗಿಯೋ ಕ್ರಿಪ್ಟೋ (ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ) ಆಗಿಯೋ ಹೊರಬೀಳುತ್ತದೆ. ತಡೆ ಕೋರಿಕೆ ತಲುಪುವ ಹೊತ್ತಿಗೆ ಖಾತೆಯಲ್ಲಿ ಉಳಿದಿದ್ದಷ್ಟೇ ಸಿಗುವ ಸಾಧ್ಯತೆ. ಮೊದಲ ಗಂಟೆಗೆ ಇಷ್ಟು ಬೆಲೆ ಇರುವುದು ಅದಕ್ಕೇ.

ಕಾರ್ಡಿನಲ್ಲಿ ಹೋಗಿದ್ದರೆ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕ ಆ ಪಾವತಿಯನ್ನು ವಾಪಸ್ ಪಡೆಯುವುದು, ಕೇಳಬಹುದು, ಗಡುವು ಸಾಮಾನ್ಯವಾಗಿ 120 ದಿನ. ಗಿಫ್ಟ್ ಕಾರ್ಡ್ ಆದರೆ ಕಾರ್ಡು, ರಸೀದಿ ಎರಡನ್ನೂ ಇಟ್ಟುಕೊಂಡು ಅದನ್ನು ಕೊಟ್ಟ ಕಂಪನಿಗೆ ತಿಳಿಸಿ. ಬಿಟ್‌ಕಾಯಿನ್ ವ್ಯವಹಾರ ಒಮ್ಮೆ ದೃಢವಾದರೆ ಹಿಂದಕ್ಕೆ ಬರುವುದಿಲ್ಲ. ಆದರೂ ಅದರ 64 ಅಕ್ಷರಗಳ ವ್ಯವಹಾರ ಗುರುತು ಬರೆದಿಡಿ, ಹಣ ಕ್ರಿಪ್ಟೋ ಕೊಂಡು ಮಾರುವ ಯಾವುದಾದರೂ ಎಕ್ಸ್‌ಚೇಂಜಿಗೆ ಹೋಗಿ ಸೇರಿದ್ದರೆ ಅಲ್ಲಿ ತಡೆಹಿಡಿಸಬಹುದು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಾಚಿಕೆಯಿಂದ ಬಹಳ ಜನ “ನಾನು ಓಟಿಪಿ ಕೊಟ್ಟೇ ಇಲ್ಲ” ಅಂದುಬಿಡುತ್ತಾರೆ. ಓಟಿಪಿ ಯಾವಾಗ ಹೋಯಿತು, ಯಾವಾಗ ಬಳಕೆಯಾಯಿತು ಅನ್ನುವುದು ಬ್ಯಾಂಕಿನ ದಾಖಲೆಯಲ್ಲಿ ಇರುತ್ತದೆ. ನಿಮ್ಮ ಮಾತು ಅದಕ್ಕೆ ತಾಳೆಯಾಗದಿದ್ದರೆ ಇಡೀ ದೂರು ಬಲ ಕಳೆದುಕೊಳ್ಳುತ್ತದೆ. ಹೇಳಿ ಮಾಡಿಸಿದರು, ನಾನು ಮಾಡಿದೆ ಅಂತ ಇದ್ದದ್ದು ಇದ್ದಹಾಗೆ ಬರೆಯಿರಿ. ಮೋಸ ಹೋಗುವುದು ಅಪರಾಧವಲ್ಲ.

ಪಾಸ್‌ವರ್ಡ್ ಬದಲಾಯಿಸುವುದು ಬೇರೆ ಸಾಧನದಿಂದ, ಅದರಲ್ಲೂ ಮೊದಲು ಇಮೇಲ್. ಉಳಿದೆಲ್ಲ ಖಾತೆಗಳ ಕೀಲಿ ಬರುವುದು ಅಲ್ಲಿಗೇ. ಇಮೇಲ್ ಸೆಟ್ಟಿಂಗ್‌ನಲ್ಲಿ ಗೊತ್ತಿಲ್ಲದ ಫಾರ್ವರ್ಡಿಂಗ್, ಫಿಲ್ಟರ್ ಇವೆಯೇ ನೋಡಿ. ಬ್ಯಾಂಕಿನ ಪತ್ರಗಳು ನಿಮ್ಮ ಕಣ್ಣಿಗೆ ಬೀಳದಂತೆ ಮಾಡಿಟ್ಟಿರುತ್ತಾರೆ. ಸಾಕ್ಷಿಗಳೆಲ್ಲ ತೆಗೆದಾದ ಮೇಲೆ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡಿ.

ಪೊಲೀಸ್ ದೂರಿನಲ್ಲಿ ಪ್ರತಿ ವ್ಯವಹಾರಕ್ಕೂ ಸಮಯ, ಮೊತ್ತ, ರೆಫರೆನ್ಸ್ ಸಂಖ್ಯೆ, ಹಣ ಹೋದ ಖಾತೆ ಇರಲಿ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ಸ್ಕ್ರೀನ್‌ಶಾಟ್‌ನಲ್ಲಿ ನೀವು ಸೇವ್ ಮಾಡಿಕೊಂಡ ಹೆಸರಷ್ಟೇ ಕಂಡರೆ ಪ್ರಯೋಜನವಿಲ್ಲ, ಪ್ರೊಫೈಲ್ ತೆರೆದು ಪೂರ್ತಿ ನಂಬರ್ ಕಾಣುವಂತೆ ತೆಗೆಯಿರಿ.

ಇಷ್ಟಾದ ಮೇಲೂ ಇನ್ನೊಬ್ಬ ಬರುತ್ತಾನೆ. ಕೆಲವು ದಿನ, ಕೆಲವೊಮ್ಮೆ ತಿಂಗಳುಗಳೇ ಕಳೆದು “ನಿಮ್ಮ ಹಣ ಪತ್ತೆಯಾಗಿದೆ” ಎಂದು ವಕೀಲನ, ತನಿಖಾಧಿಕಾರಿಯ, ಹ್ಯಾಕರ್‌ನ ಹೆಸರಲ್ಲಿ ಕರೆ ಬರುತ್ತದೆ. ಹೋದ ಮೊತ್ತ, ತಾರೀಖು ಸರಿಯಾಗಿ ಹೇಳುತ್ತಾನೆ, ಏಕೆಂದರೆ ಮೋಸ ಹೋದವರ ಪಟ್ಟಿಗಳು ಮಾರಾಟವಾಗುತ್ತವೆ. ಎಷ್ಟೋ ಸಲ ಅವನು ಮೊದಲಿನ ಗುಂಪಿನವನೇ. ಬಿಡುಗಡೆಗೆ ಶುಲ್ಕ, ತೆರಿಗೆ, ಠೇವಣಿ ಅಂತ ಮುಂಗಡ ಕೇಳುತ್ತಾನೆ. “ಸಿಗುವ ಹಣದಲ್ಲೇ ಮುರಿದುಕೊಳ್ಳಿ” ಅಂದು ನೋಡಿ, ಆಗುವುದಿಲ್ಲ ಅನ್ನಲು ನೂರು ಕಾರಣ ಕೊಡುತ್ತಾನೆ. ಒಂದು ಕಾಸೂ ಕೊಡಬೇಡಿ. ಅವನ ನಂಬರ್, ಹಣ ಹಾಕಲು ಹೇಳಿದ ಖಾತೆ, ಕರೆ ಬಂದ ಸಮಯ ಬರೆದುಕೊಂಡು ಹಳೆಯ ದೂರಿಗೇ ಸೇರಿಸಿ. ಮೊದಲು ಹಣ ಹೋದ ಖಾತೆಗೂ ಈ ಖಾತೆಗೂ ನಂಟು ಸಿಕ್ಕರೆ ತನಿಖೆ ಮಾಡುವವರಿಗೆ ಅದೇ ದೊಡ್ಡ ಸುಳಿವು.