ಚೆಕ್‌ಬುಕ್ ಎನ್‌ವೈಸಿ: ನ್ಯೂಯಾರ್ಕ್ ನಗರದ ಖರ್ಚಿನ ಲೆಕ್ಕವನ್ನು ಓದುವ ಬಗೆ

ನ್ಯೂಯಾರ್ಕ್ ನಗರಾಡಳಿತ ಯಾವ ಇಲಾಖೆಗೆ ಎಷ್ಟು ಹಣ ಹಂಚುತ್ತದೆ, ಅದರಲ್ಲಿ ಎಷ್ಟು ಖರ್ಚಾಗಿದೆ, ಯಾವ ಗುತ್ತಿಗೆದಾರನಿಗೆ ಪಾವತಿಯಾಗಿದೆ ಎಂಬುದನ್ನು ಯಾರು ಬೇಕಾದರೂ ನೋಡಬಹುದಾದ ಜಾಲತಾಣ ‘ಚೆಕ್‌ಬುಕ್ ಎನ್‌ವೈಸಿ’. ಮೇಯರ್‌ಗೆ ಅಧೀನರಲ್ಲದ, ಮತದಾರರೇ ನೇರವಾಗಿ ಆರಿಸುವ ಕಂಪ್ಟ್ರೋಲರ್ (ನಗರದ ಮುಖ್ಯ ಹಣಕಾಸು ಅಧಿಕಾರಿ) ಅವರ ಕಚೇರಿ ಇದನ್ನು 2010ರಲ್ಲಿ ಆರಂಭಿಸಿತು. 2013ರಲ್ಲಿ ಇದಕ್ಕೆ ಹೊಸ ರೂಪ ಕೊಟ್ಟು, ಬೇರೆ ನಗರಗಳೂ ಬಳಸಿಕೊಳ್ಳಲೆಂದು ಅದರ ಸೋರ್ಸ್ ಕೋಡನ್ನು ಮುಕ್ತವಾಗಿ ಬಿಡುಗಡೆ ಮಾಡಿತು. ಶುಲ್ಕವಿಲ್ಲ, ನೋಂದಣಿಯೂ ಬೇಕಿಲ್ಲ. ಖರ್ಚಾದ ಹಣದ ಜಾಡು ಹಿಡಿಯುವುದಕ್ಕೆ ಇದು ಅತ್ಯುತ್ತಮ ಸಾಧನವೆಂಬುದು ನನ್ನ ಅಭಿಪ್ರಾಯ. ಆದರೆ ಹಂಚಿಕೆಯ ಹಿಂದಿನ ತೀರ್ಮಾನಗಳು ಅರ್ಥವಾಗಬೇಕಾದರೆ ನಗರದ ಬಜೆಟ್ ಪದ್ಧತಿಯ ಬಗ್ಗೆ ಸ್ವಲ್ಪ ತಿಳಿದುಕೊಂಡೇ ಇಲ್ಲಿಗೆ ಬರಬೇಕು.

ನಗರದ ಹಣಕಾಸು ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ದಿನನಿತ್ಯದ ಆಡಳಿತದ ಬಹುಪಾಲು ಖರ್ಚು ನಡೆಯುವುದು ಸಾಮಾನ್ಯ ನಿಧಿಯಿಂದ. ಆಸ್ತಿ ತೆರಿಗೆ ಇದರ ಅತಿದೊಡ್ಡ ತೆರಿಗೆ ಮೂಲ. ಆದಾಯ ತೆರಿಗೆ, ಮಾರಾಟ ತೆರಿಗೆ, ರಾಜ್ಯ ಮತ್ತು ಒಕ್ಕೂಟ ಸರ್ಕಾರಗಳ ಅನುದಾನಗಳೂ ಇದಕ್ಕೇ ಸೇರುತ್ತವೆ. ಮೇಯರ್ ಜನವರಿಯಲ್ಲಿ ಪ್ರಾಥಮಿಕ ಬಜೆಟನ್ನೂ ಏಪ್ರಿಲ್ ಹೊತ್ತಿಗೆ ಪರಿಷ್ಕರಿಸಿದ ಬಜೆಟನ್ನೂ ಮುಂದಿಡುತ್ತಾರೆ. ಹೊಸ ವರ್ಷ ಆರಂಭವಾಗುವ ಮುನ್ನ ನಗರ ಪರಿಷತ್ತು ಅದಕ್ಕೆ ಅಂಗೀಕಾರ ನೀಡುತ್ತದೆ. ಹೀಗೆ ಅಂಗೀಕೃತವಾದ 2025ರ ಹಣಕಾಸು ವರ್ಷದ (ಜುಲೈ 2024ರಿಂದ ಜೂನ್ 2025ರವರೆಗಿನ) ಬಜೆಟ್ ಸುಮಾರು 11,240 ಕೋಟಿ ಡಾಲರ್ ಆಗಿತ್ತು. ಇದರಲ್ಲಿ ಶಾಲಾ ಶಿಕ್ಷಣ ಇಲಾಖೆಯದೇ ಅತಿದೊಡ್ಡ ಪಾಲು.

ಜಾಲತಾಣದ ‘ಬಜೆಟ್’ ವಿಭಾಗವನ್ನು ತೆರೆದು ಒಂದು ಇಲಾಖೆಯನ್ನು ಆರಿಸಿಕೊಂಡರೆ, ಪರಿಷತ್ತು ಅಂಗೀಕರಿಸಿದ ಮೊತ್ತ, ಆನಂತರ ಮಾರ್ಪಾಡಾದ ಮೊತ್ತ, ಖರ್ಚಾಗಿರುವುದು ಹಾಗೂ ಉಳಿದಿರುವುದು ಕಾಣುತ್ತವೆ. ಈ ಜಾಲತಾಣದ ನಿಜವಾದ ಬೆಲೆ ಇರುವುದು ಇಲ್ಲಿಯೇ ಎನ್ನಬೇಕು. ಬಜೆಟ್ ಅಂಗೀಕಾರವಾದ ದಿನ ಪತ್ರಿಕೆಗಳಲ್ಲಿ ಬರುವ ಅಂಕಿ ಅಂಗೀಕೃತ ಮೊತ್ತ ಮಾತ್ರ. ವರ್ಷ ಉರುಳಿದಂತೆ ಅನುದಾನಗಳು ಬಂದು ಸೇರುತ್ತವೆ, ಹಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗವಾಗುತ್ತದೆ, ಕೆಲವು ಬಾಬ್ತುಗಳು ಮೊದಲ ಅಂದಾಜನ್ನು ದಾಟಿಹೋಗುತ್ತವೆ. ಪೊಲೀಸ್, ಅಗ್ನಿಶಾಮಕ ಮೊದಲಾದ ಸಮವಸ್ತ್ರದ ಸಿಬ್ಬಂದಿಯ ಓವರ್‌ಟೈಮ್ ವೆಚ್ಚ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದು ಅಂದಾಜನ್ನು ಮೀರುವುದು ಎಷ್ಟು ವಾಡಿಕೆಯಾಗಿದೆಯೆಂದರೆ, ಆರಂಭದ ಅಂಕಿಯನ್ನಷ್ಟೇ ನಂಬಿ ಮಾತನಾಡುವವರು ನಗರದ ನಿಜವಾದ ಆದ್ಯತೆಗಳನ್ನು ತಪ್ಪಾಗಿ ಓದುತ್ತಾರೆ. ಅಂಗೀಕೃತ ಮತ್ತು ಮಾರ್ಪಡಿಸಿದ ಮೊತ್ತಗಳನ್ನು ಒಟ್ಟಿಗೆ ನೋಡಲು ಸಿಗುವುದರಿಂದ, ಚರ್ಚೆಯಾಗಿ ತೀರ್ಮಾನವಾದದ್ದೆಷ್ಟು, ಆಮೇಲೆ ಸದ್ದಿಲ್ಲದೆ ಬದಲಾದದ್ದೆಷ್ಟು ಎಂಬುದು ಸಾಮಾನ್ಯ ಓದುಗರಿಗೂ ಗೊತ್ತಾಗುತ್ತದೆ.

ಆದರೆ ಇಲಾಖೆಯ ಹೆಸರಿನ ಮುಂದೆ ಕಾಣುವ ಮೊತ್ತವೇ ಆ ಇಲಾಖೆಯ ಪೂರ್ತಿ ವೆಚ್ಚವೆಂದು ತಿಳಿಯಬಾರದು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಪೊಲೀಸ್ ಇಲಾಖೆಯನ್ನೇ ತೆಗೆದುಕೊಳ್ಳಿ. 2020ರಲ್ಲಿ ಅದರ ಬಜೆಟ್ ಕಡಿತದ ಬಗ್ಗೆ ನಗರದಲ್ಲಿ ತೀವ್ರ ವಾದವಿವಾದ ನಡೆದಾಗ ಒಂದು ಕಡೆಯವರು ಸುಮಾರು 600 ಕೋಟಿ ಡಾಲರ್ ಎನ್ನುತ್ತಿದ್ದರು, ಇನ್ನೊಂದು ಕಡೆಯವರು ಸುಮಾರು 1,100 ಕೋಟಿ ಡಾಲರ್ ಎನ್ನುತ್ತಿದ್ದರು. ಇಬ್ಬರದೂ ಸುಳ್ಳಲ್ಲ. ಮೊದಲನೆಯದು ಇಲಾಖೆಯ ಹೆಸರಿನಲ್ಲೇ ಇರುವ ಸಂಬಳ, ಸಾಮಗ್ರಿ ಇತ್ಯಾದಿ ನಿರ್ವಹಣಾ ವೆಚ್ಚ. ಎರಡನೆಯದರಲ್ಲಿ ಸಿಬ್ಬಂದಿಯ ಪಿಂಚಣಿ, ಆರೋಗ್ಯ ವಿಮೆ ಮೊದಲಾದ ಸೌಲಭ್ಯಗಳು, ಸಾಲದ ಕಂತು ಇವೂ ಸೇರಿವೆ. ನ್ಯೂಯಾರ್ಕ್ ಇಂತಹ ವೆಚ್ಚಗಳನ್ನು ಬಹುತೇಕ ಇಲಾಖೆಗಳ ಲೆಕ್ಕದಿಂದ ಹೊರಗೆ ತೆಗೆದು, ಪಿಂಚಣಿ ವಂತಿಗೆ, ಸಾಲ ತೀರುವಳಿ, ಇತರೆ ಎಂಬ ಕೇಂದ್ರೀಯ ಶೀರ್ಷಿಕೆಗಳಡಿ ಇಡುತ್ತದೆ. ಚೆಕ್‌ಬುಕ್ ಆ ಲೆಕ್ಕವನ್ನು ಇದ್ದಂತೆಯೇ ತೋರಿಸುತ್ತದೆ. ಲೆಕ್ಕಪತ್ರವನ್ನು ಪ್ರಾಮಾಣಿಕವಾಗಿ ಪ್ರತಿಬಿಂಬಿಸುವ ದೃಷ್ಟಿಯಿಂದ ಇದು ಸರಿಯೇ. ಆದರೂ ಒಬ್ಬ ಪೊಲೀಸರಿಗೋ ಅಗ್ನಿಶಾಮಕ ಸಿಬ್ಬಂದಿಗೋ ನಗರ ನಿಜವಾಗಿ ಎಷ್ಟು ವೆಚ್ಚ ಮಾಡುತ್ತಿದೆ ಎಂದು ತಿಳಿಯಬಯಸುವವರು ಆ ಕೇಂದ್ರೀಯ ಶೀರ್ಷಿಕೆಗಳನ್ನೂ ತೆರೆದು ನೋಡುವುದು ಅನಿವಾರ್ಯ.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗಲೂ ಇದೇ ಎಚ್ಚರ ಬೇಕು. 1970ರ ದಶಕದಲ್ಲಿ ನಗರ ತನ್ನ ದಿನನಿತ್ಯದ ಖರ್ಚುಗಳನ್ನು ಬಂಡವಾಳ ಬಜೆಟ್ಟಿಗೆ (ಕಟ್ಟಡ, ರಸ್ತೆಯಂತಹ ದೀರ್ಘಕಾಲದ ಆಸ್ತಿಗಳಿಗೆ ಮೀಸಲಾದ ಬಜೆಟ್) ಸೇರಿಸಿ, ಅಲ್ಪಾವಧಿ ಸಾಲಗಳ ಮೇಲೆ ಸಾಲ ಮಾಡುತ್ತ ಹೋಗಿ, 1975ರಲ್ಲಿ ದಿವಾಳಿಯ ಅಂಚಿಗೆ ಬಂದಿತ್ತು. ಆನಂತರ ಬಂದ ಕಾನೂನು ಪ್ರತಿ ವರ್ಷವೂ ಆದಾಯ ವೆಚ್ಚಗಳು ಸರಿದೂಗಲೇಬೇಕೆಂದು ಕಟ್ಟುನಿಟ್ಟು ಮಾಡಿತು. ಆ ನಿಯಮಗಳ ಕಾರಣ ಒಂದು ವರ್ಷ ಉಳಿದ ಹಣವನ್ನು ಆಪದ್ಧನವಾಗಿ ಎತ್ತಿಟ್ಟು ಮುಂದೆ ಬಳಸಲು ಬಹುಕಾಲ ಅವಕಾಶವಿರಲಿಲ್ಲ. ಆದ್ದರಿಂದ ಉಳಿಕೆಯಿಂದ ಮುಂದಿನ ವರ್ಷದ ಸಾಲದ ಕಂತುಗಳನ್ನು ಮುಂಗಡವಾಗಿಯೇ ಕಟ್ಟುವ ಪದ್ಧತಿ ಬೆಳೆಯಿತು. ಆಪತ್ಕಾಲದ ನಿಧಿಗೆ ಕಾನೂನು ದಾರಿ ಮಾಡಿಕೊಟ್ಟದ್ದು ತೀರ ಈಚೆಗೆ, 2020ರ ಹೊತ್ತಿಗೆ. ಹೀಗಾಗಿ ಯಾವುದೋ ಒಂದು ವರ್ಷ ಸಾಲ ತೀರುವಳಿಯ ಮೊತ್ತ ಕಡಿಮೆಯಾದಂತೆ ಕಂಡರೆ, ಸಾಲದ ಹೊರೆ ಇಳಿಯಿತೆಂದು ಸಂತೋಷಪಡುವ ಮೊದಲು ಹಿಂದಿನ ವರ್ಷ ಮುಂಗಡ ಕಟ್ಟಿದ್ದೆಷ್ಟು ಎಂದು ನೋಡಬೇಕು. ಈ ವಿವರಣೆ ಅಂಕಿಗಳ ಸಾಲಿನಲ್ಲಿ ಸಿಗುವಂಥದ್ದಲ್ಲ. ಕಂಪ್ಟ್ರೋಲರ್ ಕಚೇರಿ ಪ್ರತ್ಯೇಕವಾಗಿ ಪ್ರಕಟಿಸುವ ವಾರ್ಷಿಕ ಹಣಕಾಸು ವರದಿಯನ್ನು ಜೊತೆಗಿಟ್ಟುಕೊಂಡು ಓದುವುದು ಉತ್ತಮ.

ವೆಚ್ಚ, ಗುತ್ತಿಗೆ ಮತ್ತು ವೇತನದ ವಿಭಾಗಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವು ಚೆನ್ನಾಗಿವೆ. ಗುತ್ತಿಗೆದಾರನ ಹೆಸರಿನಿಂದ ಹುಡುಕಿ, ಗುತ್ತಿಗೆಯ ಮೊತ್ತದಿಂದ ಒಂದೊಂದು ಪಾವತಿಯವರೆಗೂ ಹೋಗಬಹುದು. ಖಾಸಗಿತನ ಅಥವಾ ಭದ್ರತೆಯ ಕಾರಣ ಕೆಲವು ಹೆಸರುಗಳನ್ನು ಮರೆಮಾಡಿರುವುದು ಒಪ್ಪತಕ್ಕ ಕ್ರಮ. ಮಾಹಿತಿಯನ್ನು ಡೌನ್‌ಲೋಡ್ ಮಾಡಿಕೊಳ್ಳಲೂ ಪ್ರೋಗ್ರಾಂ ಮೂಲಕ ನೇರವಾಗಿ ಪಡೆಯಲೂ ಅವಕಾಶವಿರುವುದರಿಂದ ಪತ್ರಕರ್ತರಿಗೂ ಸಂಶೋಧಕರಿಗೂ ಇದು ದೊಡ್ಡ ಅನುಕೂಲ.

ಒಂದು ಇಲಾಖೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಏಕೆ ಎಂಬ ಪ್ರಶ್ನೆಗೆ ಮಾತ್ರ ಇಲ್ಲಿ ಉತ್ತರವಿಲ್ಲ. ಅದು ಮೇಯರ್ ಮತ್ತು ಪರಿಷತ್ತಿನ ನಡುವಿನ ಮಾತುಕತೆಯಲ್ಲಿ, ಬಜೆಟ್ ವಿಚಾರಣೆಗಳಲ್ಲಿ, ಕಾನೂನು ಮತ್ತು ಕಾರ್ಮಿಕ ಒಪ್ಪಂದಗಳು ಮೊದಲೇ ಕಟ್ಟಿಹಾಕಿರುವ ವೆಚ್ಚಗಳಲ್ಲಿ ಅಡಗಿದೆ. ಪರಿಷತ್ತು ಅನುಮೋದಿಸುವ ಹಂಚಿಕೆಯ ಘಟಕಗಳೇ, ಅಂದರೆ ಒಟ್ಟಾಗಿ ಮಂಜೂರಾಗುವ ಬಾಬ್ತುಗಳೇ, ಎಷ್ಟೋ ಸಲ ಬಹಳ ದೊಡ್ಡವಾಗಿರುತ್ತವೆ. ಹಲವು ಕಾರ್ಯಕ್ರಮಗಳು ಒಂದೇ ಘಟಕದಲ್ಲಿ ಸೇರಿಹೋದಾಗ ಎಷ್ಟು ಒಳ್ಳೆಯ ಜಾಲತಾಣವೂ ಅವುಗಳನ್ನು ಬಿಡಿಸಿ ತೋರಿಸಲಾರದು. ನಗರದ ಬಜೆಟನ್ನು ಗಂಭೀರವಾಗಿ ಓದಬಯಸುವ ಎಲ್ಲರಿಗೂ ಚೆಕ್‌ಬುಕ್ಕನ್ನು ನಾನು ಖಂಡಿತವಾಗಿ ಶಿಫಾರಸು ಮಾಡುತ್ತೇನೆ. ಮೊದಲ ಸಲ ಬಳಸುವವರು ಒಂದೇ ಇಲಾಖೆಯನ್ನು ಹಿಡಿದು, ಅದರ ಅಂಗೀಕೃತ ಮತ್ತು ಮಾರ್ಪಡಿಸಿದ ಮೊತ್ತಗಳನ್ನು ಕೆಲವು ವರ್ಷಗಳ ಉದ್ದಕ್ಕೆ ಹೋಲಿಸಿ ನೋಡಿದ ಮೇಲೆ ಕೇಂದ್ರೀಯ ಶೀರ್ಷಿಕೆಗಳಿಗೆ ಹೋಗುವುದು ಒಳ್ಳೆಯದು.