ವೆಬ್‌ಸೈಟ್ ಚೆಂದ, ಲೇಖನ ಮಾತ್ರ ಪರರದ್ದು

ಬ್ಯಾಡಗಿಯ ನಮ್ಮ ಮೆಣಸಿನಕಾಯಿ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟದ್ದು ಹುಬ್ಬಳ್ಳಿಯ ಒಂದು ಸಣ್ಣ ಆಫೀಸು. ಹೆಸರು ಬೇಡ. ಕೆಲಸ ಚುರುಕು. ಫೋಟೊದಲ್ಲಿ ಕಾಯಿಯ ಕೆಂಪು ಇದ್ದ ಹಾಗೇ ಬಂದಿದೆ. ಫೋನ್ ಮಾಡಿದರೆ ಎತ್ತುತ್ತಾರೆ, ಈಗಿನ ಕಾಲದಲ್ಲಿ ಅದೇ ದೊಡ್ಡದು ಅಲ್ವಾ?

ತಕರಾರು ಇರುವುದು ಸುದ್ದಿ ಪುಟದ ಬಗ್ಗೆ. ಪತ್ರಿಕೆಗಳ ಲೇಖನಗಳನ್ನು ಪೂರ್ತಿ ಎತ್ತಿ ಹಾಕಿ, ಕೆಳಗೆ ‘ಕೃಪೆ’ ಅಂತ ಬರೆದಿದ್ದರು. ಕೇಳಿದರೆ, “ಹೆಸರು ಹಾಕೇವಲ್ರೀ, ಏನೂ ಆಗೂದಿಲ್ಲ” ಅಂದರು. ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆ, ಸಂಶೋಧನೆ, ಸುದ್ದಿ ವರದಿಯಂಥ ಕೆಲಸಕ್ಕೆ ನ್ಯಾಯವಾಗಿ ಬಳಸಲು ಬಿಡುತ್ತದೆ, ನಿಜ. ಆದರೆ ಇಷ್ಟು ಪದ, ಇಷ್ಟು ಸಾಲು ಅಂತ ಅದರಲ್ಲಿ ಲೆಕ್ಕ ಇಲ್ಲ. ಎಷ್ಟು ತೆಗೆದುಕೊಂಡಿರಿ, ಯಾತಕ್ಕೆ, ಮೂಲದವರಿಗೆ ನಷ್ಟವಾಯಿತಾ ಅಂತ ಕೋರ್ಟು ನೋಡುತ್ತದೆ. ಮೆಣಸಿನಕಾಯಿ ಮಾರಲು ಇಡೀ ಲೇಖನ ಹಾಕಿದರೆ ಅಲ್ಲಿ ನಿಲ್ಲುವುದು ಕಷ್ಟ. ಎಪಿಎಂಸಿ ದರದ ಮಾತು ಬೇರೆ. ಬರೀ ಸಂಗತಿಗೆ ಕಾಪಿರೈಟ್ ಇಲ್ಲ, ನಮ್ಮ ಮಾತಿನಲ್ಲಿ ಬರೆದುಕೊಳ್ಳಬಹುದು.

ಈಗ ಲೇಖನ ತೆಗೆದು ಎರಡು ಸಾಲಿನ ಪರಿಚಯ, ಲಿಂಕ್ ಇಟ್ಟಿದ್ದಾರೆ. ಆ ಬದಲಾವಣೆಗೂ ಬೇರೆ ಬಿಲ್ ಹಾಕಿದ್ದು ಜಾಸ್ತಿ ಆಯಿತು. ಐದಕ್ಕೆ ಮೂರು ಸ್ಟಾರ್.